ಗುಂತಕಲ್ ರೈಲು ತಂದ ಸ್ಕೋರು

ಎಂಬತ್ತರ ದಶಕದಲ್ಲಿ ದೇವನಕೊಂಡದ ಕಡೆಯಿಂದ ಆಂಧ್ರದ ಗಡಿಯ ಆದವಾನಿಗೆ ಓದಲು ಬಂದ ನಮ್ಮಂಥ ಹುಡುಗರಿಗೆ ಆಟ ಅಂದರೆ ರೇಡಿಯೊ. ಟೀವಿ ಇದ್ದ ಮನೆ ಕೆಲವೇ; ಅಲ್ಲಿ ಹೊಸಿಲಾಚೆ ನಿಂತು ನೋಡಬೇಕು. ಬಾಡಿಗೆ ಕೋಣೆಯಲ್ಲಿ ಒಟ್ಟಿಗಿದ್ದ ನಮಗೆ ಗೆಳೆಯನೊಬ್ಬನ ಮರ್ಫಿ ಸೆಟ್ಟೇ ಗತಿ. ಮುಳ್ಳನ್ನು ಕೂದಲೆಳೆಯಷ್ಟು ಸರಿಸಿ ಗೊರಗೊರ ಸದ್ದಿನ ನಡುವೆ ಸ್ಟೇಷನ್ ಹಿಡಿಯುವುದು ಅವನೊಬ್ಬನಿಗೇ ಬರುತ್ತಿತ್ತು.

1987ರ ಮಾರ್ಚ್ 17 ನಮ್ಮಲ್ಲಿ ಯಾರಿಗೂ ಮರೆತಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ಮೇಲೆ ಭಾರತ ಗೆಲ್ಲಲು 221 ರನ್ ಬೇಕಿತ್ತು. ಚೆಂಡು ಬುಗುರಿಯಂತೆ ತಿರುಗುತ್ತಿದ್ದ ಪಿಚ್ಚಿನಲ್ಲಿ ಗವಾಸ್ಕರ್ ಒಂದು ತುದಿ ಹಿಡಿದು ನಿಂತಿದ್ದರು. ವೀಕ್ಷಕ ವಿವರಣೆ ಒಂದಷ್ಟು ಹೊತ್ತು ಇಂಗ್ಲಿಷ್, ಒಂದಷ್ಟು ಹೊತ್ತು ಹಿಂದಿ. ಆಲೂರಿನ ಹುಡುಗನಿಗೆ ಉರ್ದು ಚೆನ್ನಾಗಿ ಬರುತ್ತಿತ್ತು. ಹಿಂದಿಯ ಸರದಿ ಬಂದಾಗ ನಮಗೆ ಕನ್ನಡದಲ್ಲಿ, ಪಕ್ಕದ ಕೋಣೆಯವರಿಗೆ ತೆಲುಗಿನಲ್ಲಿ ಅಲ್ಲಲ್ಲೇ ಹೇಳುತ್ತಿದ್ದ. ‘ಎಷ್ಟಾತಲೇ?’ ಎಂದು ದಾರಿಯಲ್ಲಿ ಹೋಗುವವರು ಕಿಟಕಿಯಲ್ಲಿ ತಲೆ ಹಾಕುತ್ತಿದ್ದರು. ಗವಾಸ್ಕರ್ 96ಕ್ಕೆ ಔಟಾದರು. 204ಕ್ಕೆ ಎಲ್ಲರೂ ಔಟ್. 16 ರನ್ನಿನ ಸೋಲು. ಅದೇ ಗವಾಸ್ಕರ್ ಅವರ ಕಡೆಯ ಟೆಸ್ಟು. ಆ ರಾತ್ರಿ ನಮ್ಮ ಕೋಣೆಯಲ್ಲಿ ಸ್ಟೌ ಹಚ್ಚಲಿಲ್ಲ.

ನಮ್ಮ ಕಾಲೇಜಿನ ಆಟಕ್ಕೆ ಆ ರೇಡಿಯೊವೂ ಇರಲಿಲ್ಲ. ಕಬಡ್ಡಿ ತಂಡ ಅನಂತಪುರಕ್ಕೆ ಹೋದರೆ ಗೆದ್ದರೋ ಸೋತರೋ ತಿಳಿಯಬೇಕಾದರೆ ಹುಡುಗರೇ ವಾಪಸ್ ಬರಬೇಕು. ಗುಂತಕಲ್ಲಿನ ಕಡೆಯಿಂದ ರೈಲು ಬರುವ ಹೊತ್ತಿಗೆ ಸ್ಟೇಷನ್ನಿನಲ್ಲಿ ಹಾಜರಾಗುತ್ತಿದ್ದೆವು. ನಮ್ಮ ರೈಡರ್ ಬ್ಯಾಗು ಕೆಳಗಿಟ್ಟು, ಚಪ್ಪಲಿ ಬಿಟ್ಟು ಪ್ಲಾಟ್‌ಫಾರ್ಮಿನಲ್ಲೇ ಶುರು ಮಾಡುತ್ತಿದ್ದ: ಬಲಗಾಲು ಹೇಗೆ ಚಾಚಿದ, ಮೂಲೆಯವನು ಹಿಮ್ಮಡಿ ಹೇಗೆ ಹಿಡಿದ, ಬಿದ್ದಲ್ಲಿಂದಲೇ ನಡುಗೆರೆಗೆ ಬೆರಳು ಹೇಗೆ ತಾಗಿಸಿದ. ಹೇಳುತ್ತಾ ಹೇಳುತ್ತಾ ಉಸಿರು ಕಟ್ಟಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತಿದ್ದ. ಹಮಾಲಿಗಳೂ ಮೂಟೆ ಇಳಿಸಿ ನಿಲ್ಲುತ್ತಿದ್ದರು. ಅದಕ್ಕಿಂತ ಒಳ್ಳೆಯ ಪ್ರಸಾರವನ್ನು ನಾನು ಇವತ್ತಿಗೂ ನೋಡಿಲ್ಲ.

ಆಮೇಲೆ ಎಲ್ಲ ಬೇಗ ಬೇಗ ಬದಲಾಯಿತು. ಗಾಳಿಯಲ್ಲಿ ಹರಿಯುವ ತರಂಗ ಸಾರ್ವಜನಿಕರ ಸ್ವತ್ತು, ಸರ್ಕಾರದ ಏಕಸ್ವಾಮ್ಯವಲ್ಲ ಎಂದು 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪಿಗೆ ಕಾರಣವಾದದ್ದೂ ಕ್ರಿಕೆಟ್ ಪ್ರಸಾರದ ಜಗಳವೇ. ಪ್ರಸಾರದ ಹಕ್ಕಿಗೆ ಬೆಲೆ ಬಂತು. 2022ರಲ್ಲಿ ಐಪಿಎಲ್‌ನ ಐದು ವರ್ಷದ ಹಕ್ಕು 48,390 ಕೋಟಿಗೆ ಹೋಯಿತು. ಅದರಲ್ಲಿ ಟೀವಿಗಿಂತ ಮೊಬೈಲಿನ ಪಾಲೇ ತುಸು ಹೆಚ್ಚು. ಕಾಲೇಜು ಆಟದ ಮಾತಿಗೆ ಬಂದರೆ, ಅಮೆರಿಕದ ವಿಶ್ವವಿದ್ಯಾಲಯಗಳು ತಮ್ಮ ಫುಟ್‌ಬಾಲ್ ಪ್ರಸಾರವನ್ನು ತಾವೇ ಮಾರಿಕೊಳ್ಳುವ ಹಕ್ಕನ್ನು 1984ರಲ್ಲೇ ಕೋರ್ಟಿನಲ್ಲಿ ಗೆದ್ದಿದ್ದವು. ನಮ್ಮಲ್ಲಿ ಕಾಲೇಜು ಹುಡುಗರ ಆಟವನ್ನು ದೇಶವೇ ನೋಡುವಂತಾದದ್ದು ತೀರಾ ಈಚೆಗೆ, 2020ರಲ್ಲಿ ಭುವನೇಶ್ವರದಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಶುರುವಾದ ಮೇಲೆ. 2022ರಲ್ಲಿ ಅದು ಬೆಂಗಳೂರಿಗೂ ಬಂತು.

ಈ ಬದಲಾವಣೆ ನನಗೆ ಸಂತೋಷವನ್ನೇ ಕೊಟ್ಟಿದೆ. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆಯ ಜನ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಮಗ ಕಾಲೇಜು ತಂಡದಲ್ಲಿ ಆಡಿದ್ದನ್ನು ನಮ್ಮ ಕಾಲದ ತಂದೆತಾಯಿ ಕಣ್ಣಾರೆ ಕಂಡವರಲ್ಲ. ಈಗ ಮೈದಾನದ ಅಂಚಿನಲ್ಲಿ ಸ್ಟ್ಯಾಂಡಿಗೆ ಒಂದು ಫೋನು ಕಟ್ಟಿ ಯೂಟ್ಯೂಬಿಗೆ ಬಿಟ್ಟರೆ ಸಾಕು, ಸಂಜೆ ಶೆಡ್ಡಿನಲ್ಲಿ ಕುಳಿತ ಅಮ್ಮ ಮಗನ ರೈಡು ನೋಡಬಹುದು.

ಅದಕ್ಕೇ ನಮ್ಮ ಗಡಿಭಾಗದ ಕಾಲೇಜುಗಳನ್ನು ಕೇಳಿಕೊಳ್ಳುತ್ತೇನೆ. ಯಾವ ಕಂಪನಿ ಬಂದು ಏನೇ ಕೊಟ್ಟರೂ ಹುಡುಗರ ಆಟವನ್ನು ಚಂದಾ ಕಟ್ಟಿದವರಿಗೆ ಮಾತ್ರ ಎಂದು ಬೀಗ ಹಾಕಬೇಡಿ. ಫೋನು ಹಿಡಿದವನ ಪಕ್ಕದಲ್ಲಿ ಮಾತು ಬಲ್ಲ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿ, ಕನ್ನಡದಲ್ಲೂ ತೆಲುಗಿನಲ್ಲೂ ವಿವರಣೆ ಹೇಳಿಸಿ.