ಸಾಲ ಕೈಬದಲಾದಾಗ

ಕಳೆದ ಮಳೆಗಾಲದ ಒಂದು ಸಂಜೆ. ಶಾಲೆಯಿಂದ ಉಜಿರೆಯ ಮನೆಗೆ ಬಂದು ಕೊಡೆ ಮಡಚುತ್ತಿದ್ದೆ. ಜಗಲಿಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಕಾದು ಕುಳಿತಿದ್ದರು. ಪ್ಲಾಸ್ಟಿಕ್ ಚೀಲದಿಂದ ಲಕೋಟೆಯೊಂದನ್ನು ತೆಗೆದು, "ಮಾಷ್ಟ್ರೇ, ನಾವು ಸಾಲ ತಕ್ಕೊಂಡದ್ದು ಬ್ಯಾಂಕಿನಿಂದ. ಇವರು ಯಾರು?" ಎಂದರು.

ಅದು ಮುಂಬಯಿಯ ಕಂಪೆನಿಯೊಂದರ ಪತ್ರ. ಮಗಳ ನರ್ಸಿಂಗ್ ಓದಿನ ಸಾಲವನ್ನು ಬ್ಯಾಂಕು ತಮಗೆ ಮಾರಿದೆ, ಬಾಕಿಯನ್ನು ಇನ್ನು ತಮಗೇ ಕಟ್ಟಬೇಕು ಎಂದಿತ್ತು. ನನ್ನ ಎದೆ ಧಸಕ್ಕೆಂದಿತು. "ಸರಕಾರದ ಬ್ಯಾಂಕ್, ಹೆದರಬೇಡಿ" ಎಂದು ಅರ್ಜಿ ತುಂಬಿಸಿದವನು ನಾನೇ. ಸಾಲ ಮನ್ನಾ ಆಗುತ್ತದಂತೆ ಎಂಬ ಚುನಾವಣೆ ಕಾಲದ ಸುದ್ದಿ ಕೇಳಿ ಅವರು ಕಂತು ನಿಲ್ಲಿಸಿದಾಗ, "ಸ್ವಲ್ಪ ಕಾದು ನೋಡಿ" ಎಂದವನೂ ನಾನೇ.

ನಮ್ಮ ಜಿಲ್ಲೆಯವರಿಗೆ ಬ್ಯಾಂಕೆಂದರೆ ಮನೆಯ ಸಂಸ್ಥೆಯಿದ್ದ ಹಾಗೆ. 1906ರಲ್ಲಿ ಕೆನರಾ, ಕಾರ್ಪೊರೇಶನ್ ಬ್ಯಾಂಕುಗಳು, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ್ದು ಈ ಕರಾವಳಿಯಲ್ಲೇ. 2019ರಲ್ಲಿ ವಿಜಯಾ, 2020ರಲ್ಲಿ ಕಾರ್ಪೊರೇಶನ್ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದಾಗ ಪಾಸ್‌ಬುಕ್ಕಿನ ಹೆಸರು ಬದಲಾಯಿತು, ಸಾಲ ಬ್ಯಾಂಕಿನಲ್ಲೇ ಉಳಿಯಿತು. ಮಾರಾಟ ಹಾಗಲ್ಲ. ಕಂತು 90 ದಿನಕ್ಕಿಂತ ಹೆಚ್ಚು ಬಾಕಿಯಾದರೆ ಅದು ಕೆಟ್ಟ ಸಾಲ. ಅಂಥದ್ದನ್ನು 2002ರ ಸರ್ಫೇಸಿ ಕಾಯಿದೆಯಡಿ ನೋಂದಾಯಿತ ಕಂಪೆನಿಗಳು ಕೊಳ್ಳಬಹುದು. 2016ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಟ್ರಾವಂಕೂರ್ ತನ್ನ ಶಿಕ್ಷಣ ಸಾಲಗಳನ್ನು ರಿಲಯನ್ಸ್ ಗುಂಪಿನ ಇಂಥದೇ ಕಂಪೆನಿಗೆ ಮಾರಿದಾಗ ಪಕ್ಕದ ಕೇರಳದಲ್ಲಿ ದೊಡ್ಡ ಗಲಾಟೆಯಾಗಿತ್ತು.

ಕೊಳ್ಳುವವರು ಪೂರ್ತಿ ಹಣ ಕೊಡುವುದಿಲ್ಲ. ಬ್ರಿಟನ್ ಸರಕಾರ 2013ರಲ್ಲಿ 89 ಕೋಟಿ ಪೌಂಡಿನ ಹಳೆಯ ವಿದ್ಯಾರ್ಥಿ ಸಾಲಗಳನ್ನು 16 ಕೋಟಿ ಪೌಂಡಿಗೆ ಮಾರಿತು.

ಇದನ್ನು ಹೇಳಿದಾಗ ಅವರ ಮುಖ ಅರಳಿತು. "ಹಾಗಾದರೆ ನಮ್ಮ ಸಾಲವೂ ಕಡಿಮೆಯಾಯಿತಲ್ಲ ಮಾಷ್ಟ್ರೇ?"

"ಇಲ್ಲ" ಎನ್ನಲು ಸಂಕಟವಾಯಿತು. ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಎಂದು ತರಗತಿಯಲ್ಲಿ ಹೇಳುತ್ತೇನೆ. ಸಾಲವೂ ಹಾಗೆಯೇ: ಕೈ ಬದಲಾಗುತ್ತದೆ, ಕರಗುವುದಿಲ್ಲ. ಕಡಿಮೆಗೆ ಕೊಂಡವರು ಪೂರ್ತಿ ಬಾಕಿಯನ್ನೇ ಕೇಳಬಹುದು. ಆದರೆ ಮೂಲ ಕರಾರಿನಲ್ಲಿ ಇಲ್ಲದ ಹೊಸ ಷರತ್ತನ್ನು ತಾವಾಗಿಯೇ ಹೇರುವಂತಿಲ್ಲ. ಬದಲಾಗುವುದು ಎದುರಿಗೆ ಕುಳಿತ ಮನುಷ್ಯ. "ಅಡಿಕೆ ಮಾರಿದ ಮೇಲೆ ಕಟ್ಟುತ್ತೇನೆ" ಎಂದರೆ ಅರ್ಥಮಾಡಿಕೊಳ್ಳುತ್ತಿದ್ದ ಮ್ಯಾನೇಜರರ ಜಾಗದಲ್ಲಿ ಈಗ ಫೋನಿನ ಅಪರಿಚಿತ ದನಿ.

ಮಗಳು ಬೆಂಗಳೂರಿನಿಂದ ಬಂದಳು. ಮೊದಲು ಬ್ಯಾಂಕಿಗೆ ಹೋಗಿ ಮಾರಾಟ ನಿಜವೇ ಎಂದು ಲಿಖಿತವಾಗಿ ಕೇಳಿದೆವು. ಕಂಪೆನಿಯಿಂದ ಅಸಲು, ಬಡ್ಡಿಯ ಪೂರ್ತಿ ಲೆಕ್ಕ ತರಿಸಿದೆವು. ಬ್ಯಾಂಕಿಗೆ ಕಟ್ಟಿದ್ದ ಎರಡು ಕಂತು ಅದರಲ್ಲಿ ಇರಲಿಲ್ಲ. ರಶೀದಿ ತೋರಿಸಿದ ಮೇಲೆ ಸೇರಿತು. ರಾತ್ರಿ ಫೋನು ಬಂದಾಗ, ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡಬಾರದೆಂಬ ರಿಸರ್ವ್ ಬ್ಯಾಂಕಿನ 2022ರ ಸೂಚನೆಯನ್ನು ಹುಡುಗಿಯೇ ನೆನಪಿಸಿದಳು. ಒಂದೇ ಗಂಟಿನಲ್ಲಿ ಕಟ್ಟಿದರೆ ರಿಯಾಯಿತಿ ಎಂದರು. ಹಾಗೆ ಮುಗಿಸಿದರೆ ಸಿಬಿಲ್ ದಾಖಲೆಯಲ್ಲಿ 'ಸೆಟಲ್ಡ್' ಎಂದು ಉಳಿದು, ಮುಂದೆ ಸಾಲ ಸಿಗುವುದು ಕಷ್ಟವಾಗಬಹುದು. ಅವಳು ಕಂತನ್ನೇ ಆರಿಸಿಕೊಂಡಳು.

ಹೆತ್ತವರಿಗೆ ನನ್ನ ವಿನಂತಿ ಇಷ್ಟೇ: ಕಷ್ಟ ಬಂದರೆ ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಅವಧಿ ವಿಸ್ತರಿಸಲು ಕೇಳಿ. ಒಂದೊಂದು ರಶೀದಿಯನ್ನೂ ಜೋಪಾನ ಮಾಡಿ. ನಗದು ಯಾರ ಕೈಗೂ ಕೊಡಬೇಡಿ. ಸಾಲ ತೀರಿದ ದಿನ ಬೇಬಾಕಿ ಪತ್ರ ಕೇಳಿ ಪಡೆಯಿರಿ.

ಈಗಲೂ ಮಕ್ಕಳಿಗೆ ಸಾಲದ ಅರ್ಜಿ ತುಂಬಿಸಿಕೊಡುತ್ತೇನೆ. "ಹೆದರಬೇಡಿ" ಎನ್ನುವುದನ್ನೂ ಬಿಟ್ಟಿಲ್ಲ. ಆದರೆ "ಕಾದು ನೋಡಿ" ಎನ್ನುವುದನ್ನು ಬಿಟ್ಟಿದ್ದೇನೆ.