ಕೆರೆಯ ಏರಿಯ ಮೇಲಿನ ಪಾಠ

ಜಲವಿಹಾರವೆಂದೊಡನೆ ಅನೇಕ ಗೃಹಸ್ಥರ ಮನಸ್ಸು ದೂರಕ್ಕೆ ಹರಿಯುವುದು. ಒಡಿಶಾದ ಕಡಲಂಚಿನ ಚಿಲಿಕಾ ಸರೋವರವನ್ನು ಕಾಣಬೇಕು, ಕೇರಳದ ವೇಂಬನಾಡಿನಲ್ಲಿ ದೋಣಿಯೇರಬೇಕು ಎಂದು ರಜೆಗೆ ಎಷ್ಟೋ ಮೊದಲೇ ರೈಲು ಟಿಕೆಟುಗಳನ್ನು ಕಾದಿರಿಸುವರು. ಇದು ಬೇಡವೆಂದು ನಾವು ಹೇಳೆವು. ದೇಶಾಟನವೂ ಒಂದು ವಿದ್ಯೆಯೇ ಸರಿ. ಆದರೆ ಮೈಸೂರಿನಲ್ಲಿ ವಾಸವಾಗಿರುವವರಿಗೆ ಟಿಕೆಟಿನ ಗೊಡವೆಯಿಲ್ಲದೆ ದೊರಕುವ ಸರೋವರಗಳುಂಟು. ಮನೆಯ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುವವರು ಮಾತ್ರ ವಿರಳ. ಆದಕಾರಣ ಅವುಗಳ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ನಮಗೆ ತೋರಿತು.

ಅವುಗಳಲ್ಲಿ ಊರಿನ ಮಧ್ಯದಲ್ಲೇ ಇರುವುದು ಕುಕ್ಕರಹಳ್ಳಿಯ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಊರ ಹೊರಗಿನ ಹೊಲಗದ್ದೆಗಳಿಗೆ ನೀರೊದಗಿಸುವುದಕ್ಕಾಗಿ ಇದನ್ನು ಕಟ್ಟಿಸಿದರು. ಇಂದು ಇದು ಮೈಸೂರು ವಿಶ್ವವಿದ್ಯಾನಿಲಯದ ವಶದಲ್ಲಿದೆ. ವಿಸ್ತಾರ ಸುಮಾರು 150 ಎಕರೆ. ಪಕ್ಕದ ವಿದ್ಯಾಕ್ಷೇತ್ರಕ್ಕೆ ಮಾನಸಗಂಗೋತ್ರಿಯೆಂದು ಹೆಸರಿಟ್ಟ ಕುವೆಂಪು ಅವರು ಈ ಏರಿಯ ಮೇಲೆ ತಿರುಗಾಡುತ್ತಿದ್ದರೆಂಬುದು ಮೈಸೂರಿನವರೆಲ್ಲರೂ ಬಲ್ಲ ಸಂಗತಿ.

ಅರುಣೋದಯದ ವೇಳೆಗೆ ಅಲ್ಲಿಗೆ ಹೋದರೆ ನೂರಾರು ಜನ ನಡೆಯುತ್ತಿರುವುದು ಕಾಣುವುದು. ಆರೋಗ್ಯಕ್ಕಾಗಿ ನಡೆಯುವುದು ಒಳ್ಳೆಯದೇ. ಆದರೆ ಬಹುಮಂದಿಯ ಕಿವಿಯಲ್ಲಿ ಹಾಡಿನ ಯಂತ್ರ, ದೃಷ್ಟಿ ನೆಲದ ಮೇಲೆ. ಕೈಗಡಿಯಾರವು ಹೆಜ್ಜೆಗಳನ್ನೆಣಿಸುವುದು, ಕಣ್ಣು ಏನನ್ನೂ ಎಣಿಸದು. ವಾರದಲ್ಲಿ ಒಂದು ದಿನವಾದರೂ ಈ ಅವಸರವನ್ನು ಬಿಟ್ಟು, ನೂರು ಹೆಜ್ಜೆಗೊಮ್ಮೆ ನಿಂತು ನೀರಿನ ಕಡೆಗೆ ನೋಡುವವರಿಗೆ ಅಲ್ಲಿ ಬೇರೊಂದು ಲೋಕವೇ ತೆರೆದುಕೊಳ್ಳುವುದು.

ಮೊದಲು ಕಣ್ಣಿಗೆ ಬೀಳುವುದು ಹೆಜ್ಜಾರ್ಲೆ. ಕೊಕ್ಕಿನ ಕೆಳಗೆ ಜೋಳಿಗೆಯನ್ನು ತೊಟ್ಟ ಈ ದೊಡ್ಡ ಹಕ್ಕಿ ತೇಲುವ ದೋಣಿಯಂತೆ ಬಂದು, ಜೋಳಿಗೆಯನ್ನು ನೀರಿಗಿಳಿಸಿ, ಮೀನನ್ನು ಮೊಗೆದುಕೊಳ್ಳುವುದು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಿನ ಮರಗಳಲ್ಲಿಯೇ ಗೂಡು ಕಟ್ಟುವ ಹಕ್ಕಿ ಇದೇ. ಅರ್ಧ ಮುಳುಗಿದ ಮರದ ಕೊಂಬೆಯ ಮೇಲೆ ರೆಕ್ಕೆಗಳನ್ನು ಹರವಿಕೊಂಡು ಕುಳಿತಿರುವುದು ಹಾವಕ್ಕಿ. ಅದರ ಗರಿಗಳು ನೀರನ್ನು ಹೀರಿ ತೊಯ್ಯುವವು. ಆದ್ದರಿಂದಲೇ ಮುಳುಗಿ ಮೀನು ಹಿಡಿಯುವುದು ಸುಲಭ, ಎದ್ದ ಮೇಲೆ ರೆಕ್ಕೆ ಒಣಗಿಸುವುದು ಅನಿವಾರ್ಯ. ಈಜುವಾಗ ಕೊರಳೊಂದೇ ಮೇಲೆ ಕಾಣುವುದರಿಂದ ಹಾವಿನ ಹೆಸರು ಅದಕ್ಕೆ ಬಂದಿತು. ಬಣ್ಣದ ಕೊಕ್ಕರೆಯು ತೆರೆದ ಕೊಕ್ಕನ್ನು ನೀರಿನಲ್ಲಾಡಿಸುತ್ತಾ, ಕಣ್ಣಿಗಿಂತ ಸ್ಪರ್ಶವನ್ನೇ ನೆಚ್ಚಿ ಮೀನನ್ನು ಹಿಡಿಯುವುದು. ಬಾಯ್ಕಳಕದ ಕೊಕ್ಕು ಮುಚ್ಚಿದರೂ ನಡುವೆ ಸಂದಿಯುಳಿಯುವುದು. ಬಸವನಹುಳುವನ್ನು ಚಿಪ್ಪಿನಿಂದ ತೆಗೆದು ತಿನ್ನುವ ಹಕ್ಕಿಯದು. ಇನ್ನು ಗುಳುಮುಳುಕವು ಕಂಡಷ್ಟರಲ್ಲಿ ಮುಳುಗಿ ಬೇರೆಡೆ ಏಳುವುದು. ಅದು ಎಲ್ಲಿ ಏಳುವುದೆಂದು ಊಹಿಸುವ ಆಟಕ್ಕಿಂತ ಹೆಚ್ಚಿನ ವಿನೋದ ಮಕ್ಕಳಿಗೆ ಬೇಕಿಲ್ಲ.

ನಾವು ಶಾಲೆಯಲ್ಲಿದ್ದ ಕಾಲದಲ್ಲಿ ಅಮರಕೋಶದ ಸಿಂಹಾದಿವರ್ಗವನ್ನು ಹುಡುಗರಿಂದ ಕಂಠಪಾಠ ಮಾಡಿಸುತ್ತಿದ್ದೆವು. ಹಂಸ, ಬಕ, ಕ್ರೌಂಚ, ಮದ್ಗು, ಕಾರಂಡವ ಎಂದು ಹೆಸರುಗಳು ನಾಲಗೆಯ ಮೇಲೆ ಕುಣಿಯುತ್ತಿದ್ದವು. ಮದ್ಗುವೆಂದರೆ ನೀರುಕಾಗೆಯೆಂದು ಅರ್ಥವನ್ನೂ ಒಪ್ಪಿಸುತ್ತಿದ್ದರು. ಆ ಹುಡುಗರಲ್ಲಿ ಕೆಲವರನ್ನು ಒಂದು ಭಾನುವಾರ ಏರಿಯ ಮೇಲೆ ಕರೆದೊಯ್ದಾಗ, ಒಬ್ಬನು ಕರಿಯ ಹಕ್ಕಿಯೊಂದನ್ನು ತೋರಿಸಿ, “ಇದೇ ಏನು ಸಾರ್ ಮದ್ಗು?” ಎಂದು ಕೇಳಿದನು. ಹೌದೆಂದೆವು. ಅವನ ಮುಖದಲ್ಲಿ ಆಗ ಮೂಡಿದ ಹರ್ಷವನ್ನು ಪರೀಕ್ಷೆಯಲ್ಲಿ ತೇರ್ಗಡೆಯಾದ ದಿನವೂ ನಾವು ಕಂಡಿಲ್ಲ. ಹೆಸರು ಬಲ್ಲವರು ಹಕ್ಕಿಯನ್ನು ಕಾಣಬೇಕು. ಹಕ್ಕಿಯನ್ನು ಕಂಡವರು ಹೆಸರನ್ನು ಕಲಿಯಬೇಕು. ಇವೆರಡೂ ಕೂಡಿದಲ್ಲಿಯೇ ಆನಂದ.

ಅಮರಕೋಶವು ಹಂಸಕ್ಕೆ ಕೊಡುವ ಹೆಸರುಗಳಲ್ಲಿ ‘ಮಾನಸೌಕಸ್’ ಎಂಬುದೊಂದು. ಮಾನಸಸರೋವರವೇ ಮನೆಯಾಗುಳ್ಳದ್ದು ಎಂದರ್ಥ. ಇದು ಬರಿಯ ಕವಿಕಲ್ಪನೆಯೆಂದು ತಿಳಿಯಬೇಕಾಗಿಲ್ಲ. ಟಿಬೆಟ್ಟಿನ ಪ್ರಸ್ಥಭೂಮಿಯಲ್ಲಿಯೂ ಮಂಗೋಲಿಯಾದಲ್ಲಿಯೂ ಮರಿಮಾಡುವ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನೇ ಹಾರಿ ದಾಟಿ, ಚಳಿಗಾಲವನ್ನು ನಮ್ಮ ಸೀಮೆಯಲ್ಲಿ ಕಳೆಯುವವು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಕೆರೆಯು ಇವುಗಳಿಗೆ ಪ್ರಸಿದ್ಧವಾದುದು. ಪುಷ್ಯಮಾಘಗಳಲ್ಲಿ ಅಲ್ಲಿಗೆ ಹೋಗಿಬರುವುದು ಕುಟುಂಬಕ್ಕೊಂದು ಯಾತ್ರೆಯೇ ಆಗುವುದು.

ಅಷ್ಟು ದೂರ ಹೋಗಲಾರದ ವೃದ್ಧರಿಗೂ ಎಳೆಯ ಮಕ್ಕಳಿಗೂ ಮೃಗಾಲಯದ ಮಗ್ಗುಲಿನ ಕಾರಂಜಿಕೆರೆಯು ಅನುಕೂಲವಾದುದು. ಒಳಗೆ ನಡೆದು ನೋಡಬಹುದಾದ ದೊಡ್ಡ ಪಕ್ಷಿಗೃಹ ಅಲ್ಲಿದೆ. ಏಕಾಂತಪ್ರಿಯರಿಗೆ ಲಿಂಗಾಂಬುಧಿ ಕೆರೆಯುಂಟು. ಮುಮ್ಮಡಿಯವರು ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ 1828ರಲ್ಲಿ ಕಟ್ಟಿಸಿದುದು ಅದು.

ಇಷ್ಟು ಹೇಳಿದ ಮೇಲೆ ಒಂದು ಕಹಿಮಾತನ್ನೂ ಆಡಬೇಕಾಗಿದೆ. ಕೆರೆಯೆಂದರೆ ನಾಲ್ಕು ಏರಿಗಳ ನಡುವಿನ ನೀರಷ್ಟೇ ಅಲ್ಲ. ಮಳೆನೀರನ್ನು ಹೊತ್ತು ತರುವ ಕಾಲುವೆಗಳೂ ಕೆರೆಯೇ. ನಗರ ಬೆಳೆದಂತೆ ಆ ಕಾಲುವೆಗಳ ದಾರಿಯಲ್ಲಿ ಮನೆಗಳೆದ್ದವು. ಮಳೆನೀರು ಕಡಮೆಯಾಗಿ ಕೊಳೆನೀರು ಬಂದಿತು. ಹೊಲಕ್ಕೆ ನೀರುಣಿಸಿದ ಕೆರೆಗಳು ಊರಿನ ಕಶ್ಮಲವನ್ನುಣ್ಣಬೇಕಾಯಿತು. ನೀರು ಹಸುರುಗಟ್ಟಿದಾಗ ಮೀನು ಸಾಯುವುದು. ಮೀನಿಲ್ಲದೆಡೆ ಹಕ್ಕಿ ನಿಲ್ಲದು. ಹೀಗೆ ಒಂದು ಹಕ್ಕಿ ಬಾರದೆ ಹೋದರೆ, ಅದರ ಹೆಸರನ್ನೇ ಅರಿಯದವರಿಗೆ ಏನು ನಷ್ಟವಾಯಿತೆಂದು ತಿಳಿಯುವುದು ಹೇಗೆ? ನಿತ್ಯವೂ ನೋಡುತ್ತಿರುವವರಿಗೆ ಮಾತ್ರ ಕೊರತೆ ಕಾಣುವುದು. ಕೊರತೆ ಕಂಡವರು ಮಾತ್ರ ಅಧಿಕಾರಿಗಳ ಬಾಗಿಲಿಗೆ ಹೋಗಿ ಕೇಳುವರು.

ಆದ್ದರಿಂದ ನಮ್ಮ ಸಲಹೆ ಇಷ್ಟೆ. ಮನೆಯಲ್ಲಿ ಒಂದು ಟಿಪ್ಪಣಿ ಪುಸ್ತಕವಿರಲಿ. ಕೆರೆಗೆ ಹೋದ ದಿನ ತಾರೀಖು, ವೇಳೆ, ನೀರಿನ ಮಟ್ಟ, ಕಂಡ ಹಕ್ಕಿಗಳ ಹೆಸರು, ಅವುಗಳ ಎಣಿಕೆ, ಇಷ್ಟನ್ನು ಮಕ್ಕಳ ಕೈಯಲ್ಲೇ ಬರೆಯಿಸಿರಿ. ಹೆಸರು ತಿಳಿಯದ ಹಕ್ಕಿಯಿದ್ದರೆ ಅದರ ಚಿತ್ರವನ್ನು ಬರೆಯಲಿ. ಗದ್ದಲ ಮಾಡದಿರಲಿ, ಹಕ್ಕಿಗಳಿಗೆ ತಿಂಡಿಯನ್ನೆಸೆಯದಿರಲಿ, ತಂದ ಕಾಗದ ಸೀಸೆಗಳನ್ನು ಮನೆಗೇ ಒಯ್ಯಲಿ. ಐದು ವರ್ಷ ಹೀಗೆ ನಡೆದರೆ, ಯಾವ ಹಕ್ಕಿ ಯಾವ ಮಾಸದಲ್ಲಿ ಬಂದಿತು, ಯಾವುದು ಬಾರದೆ ಹೋಯಿತು ಎಂದು ಹೇಳಬಲ್ಲ ಸಾಕ್ಷಿ ಆ ಮನೆಯಲ್ಲಿರುವುದು. ಅಂತಹ ನೂರು ಮನೆಗಳಿರುವ ಊರಿನಲ್ಲಿ ಕೆರೆಯೊಂದು ಸದ್ದಿಲ್ಲದೆ ಸಾಯಲಾರದೆಂದು ನಾವು ನಂಬಿದ್ದೇವೆ.