ಪ್ಯಾಡ್ ಬದಲಿಸಿದೆವು, ಕಾರಣ ಕೇಳಲಿಲ್ಲ



ಈ ಸಲ ಪಾಠ, ಪರೀಕ್ಷೆ, ಪಠ್ಯಪುಸ್ತಕದ ಮಾತು ಬಿಟ್ಟು ನಮ್ಮ ಮನೆಯ ಗಾಡಿಯ ಕಥೆ ಹೇಳುತ್ತೇವೆ. ಇದರಲ್ಲಿ ನಮ್ಮ ತಪ್ಪೇ ಹೆಚ್ಚು. ಮುಚ್ಚಿಟ್ಟರೆ ಯಾರಿಗೂ ಉಪಯೋಗವಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇವೆ.

ದರಿಬಡಚಿಯಲ್ಲಿ ಇರುವವರಿಗೆ ಸ್ವಂತ ಗಾಡಿಯ ಬೆಲೆ ಗೊತ್ತು. ಜತ್ತಕ್ಕೆ ಹೋಗಬೇಕೆಂದರೆ ಎಸ್.ಟಿ. ಬಸ್ಸಿನ ವೇಳೆ ಕಾಯಬೇಕು, ಇಲ್ಲವೇ ವಡಾಪ್ ಜೀಪಿನಲ್ಲಿ ಒತ್ತಿಕೊಂಡು ಕೂಡಬೇಕು. ನಾವಿಬ್ಬರೂ ಶಿಕ್ಷಕರು, ಮನೆಯಲ್ಲಿ ವಯಸ್ಸಾದ ಅವ್ವ, ಇಬ್ಬರು ಮಕ್ಕಳು. ಅದಕ್ಕೇ ಏಳು ಸೀಟಿನ ಒಂದು ಹಳೆಯ ವ್ಯಾನ್ ಕೊಂಡೆವು. ಮಾರುತಿ ಕಂಪನಿಯ ವ್ಯಾನ್ 1984ರಲ್ಲಿ ಬಂದಿತ್ತು, ಮುಂದೆ ಅದಕ್ಕೇ ಓಮ್ನಿ ಎಂದು ಹೆಸರಾಯಿತು. 2019ರಲ್ಲಿ ಅದರ ತಯಾರಿಕೆ ನಿಂತರೂ ನಮ್ಮ ಕಡೆ ಯಾವ ವ್ಯಾನ್ ಬಂದರೂ ಜನ ಈಗಲೂ 'ಓಮ್ನಿ ಬಂತು' ಅಂತಲೇ ಅನ್ನುತ್ತಾರೆ. ನಮ್ಮ ಗಾಡಿ ಬೇರೆಯದು, ಹೆಸರು ಮಾತ್ರ ಅದೇ!

ಹೆಸರಿಗೆ ಮನೆಯ ಗಾಡಿ, ದುಡಿತ ಮಾತ್ರ ಎತ್ತಿನದು. ಅಮಾವಾಸ್ಯೆ ಬಂತೆಂದರೆ ಓಣಿಯವರನ್ನೆಲ್ಲ ತುಂಬಿಕೊಂಡು ಗುಡ್ಡಾಪುರದ ದಾನಮ್ಮದೇವಿಗೆ. ಅವ್ವನ ಕಣ್ಣು ತೋರಿಸಲು ವಿಜಯಪುರಕ್ಕೆ. ಸುಗ್ಗಿಯಲ್ಲಿ ಹಿಂದಿನ ಸೀಟು ತೆಗೆದು ಮಾವನ ತೋಟದ ದಾಳಿಂಬೆ ಕ್ರೇಟು. ಶಾಲೆಯ ಮಕ್ಕಳಿಗೆ ಆಟದ ಸ್ಪರ್ಧೆ ಇದ್ದರೆ ಅದಕ್ಕೂ ಇದೇ ಗಾಡಿ. ಮುರುಮ್ ಹಾಕಿದ ದಾರಿ, ಬೇಸಿಗೆಯ ಧೂಳು ಬೇರೆ.

ಮೊದಲಿನ ಬ್ರೇಕ್ ಪ್ಯಾಡ್ ಮೂವತ್ತು ಸಾವಿರ ಕಿ.ಮೀ. ಬಂದವು. ಎರಡನೆಯ ಜೋಡಿ ಒಂಬತ್ತು ಸಾವಿರಕ್ಕೇ ಕಿರ್ ಎಂದು ಕೂಗತೊಡಗಿದವು. 'ಡುಪ್ಲಿಕೇಟ್ ಮಾಲು ಇರಬೇಕು' ಎಂದುಕೊಂಡು ಹೆಚ್ಚಿನ ಬೆಲೆಯವು ಹಾಕಿಸಿದೆವು. ಅವೂ ಏಳು ಸಾವಿರಕ್ಕೆ ಮುಗಿದವು! ಗ್ಯಾರೇಜಿನಲ್ಲಿ ಕೇಳಿದರೆ, "ರೋಡ ಹಂಗ ಅದಾವ್ರಿ ಸರ, ಏನ್ ಮಾಡೂದು" ಎಂದರು. ನಮಗೂ ಅದು ಸರಿ ಎನಿಸಿತು. ರಸ್ತೆಯನ್ನು ಬೈದುಕೊಂಡು, ದುಡ್ಡು ಕೊಟ್ಟು ಮನೆಗೆ ಬಂದೆವು.

ಕಣ್ಣು ತೆರೆದದ್ದು ಶಿಷ್ಯವೃತ್ತಿ ಪರೀಕ್ಷೆಯ ದಿನ. ಒಂಬತ್ತು ಮಕ್ಕಳು, ನಾವಿಬ್ಬರು. ಏಳು ಸೀಟಿನ ಗಾಡಿಯಲ್ಲಿ ಹನ್ನೊಂದು ಜನ. 'ಸಣ್ಣ ಹುಡುಗರು, ಏನಾಗುತ್ತದೆ' ಎಂದು ನಾವೇ ಕೂಡಿಸಿದ್ದೆವು. ಹಳ್ಳದ ಸೇತುವೆಗೆ ಇಳಿಯುವ ಇಳಿಜಾರಿನಲ್ಲಿ ಕುರಿ ಹಿಂಡು ಅಡ್ಡ ಬಂತು. ಬ್ರೇಕ್ ಒತ್ತಿದೆವು. ಪೆಡಲ್ ಮೆತ್ತಗೆ ಕೆಳಗೆ ಹೋಯಿತು, ಗಾಡಿ ಎಡಕ್ಕೆ ಎಳೆಯಿತು. ಗಾಬರಿಯಲ್ಲಿ ಮತ್ತೆ ಮತ್ತೆ ಒತ್ತಿ, ಗೇರ್ ಇಳಿಸಿ ನಿಲ್ಲಿಸುವ ಹೊತ್ತಿಗೆ ಹಿಂದಿನ ಕುರಿಗೂ ಗಾಡಿಗೂ ಒಂದು ಮೊಳ ಅಂತರ. ಹಿಂದೆ ಕುಳಿತ ಹುಡುಗಿಯೊಬ್ಬಳು, "ಸರ, ಸುಟ್ಟ ವಾಸನಿ ಬರಾಕತ್ತೈತ್ರಿ" ಎಂದಳು. ಇಳಿದು ನೋಡಿದರೆ ಎಡಗಡೆಯ ಮುಂದಿನ ಗಾಲಿಯ ಹತ್ತಿರ ಕೈ ಹಿಡಿಯಲಾಗದಷ್ಟು ಕಾವು. ಬಲಗಡೆಯದು ತಕ್ಕಮಟ್ಟಿಗೆ ಬೆಚ್ಚಗಿತ್ತು, ಅಷ್ಟೆ.

ಮಕ್ಕಳನ್ನು ವಡಾಪ್ ಜೀಪಿಗೆ ಹತ್ತಿಸಿ ಒಬ್ಬರು ಜೊತೆಗೆ ಹೋದೆವು. ಪರೀಕ್ಷೆಗೆ ವೇಳೆಗೆ ಸರಿಯಾಗಿ ಮುಟ್ಟಿದರು. ಆದರೆ ಆ ರಾತ್ರಿ ನಮಗಿಬ್ಬರಿಗೂ ನಿದ್ದೆ ಬರಲಿಲ್ಲ. ಒಂಬತ್ತು ಮನೆಯವರು 'ಮಾಸ್ತರರ ಗಾಡಿ' ಎಂದು ನಂಬಿ ಕಳಿಸಿದ್ದರಲ್ಲವೇ?

ಮರುದಿನ ಗಾಡಿ ನೋಡಲು ಬಂದವನು ನಮ್ಮ ಹಳೆಯ ವಿದ್ಯಾರ್ಥಿ. ಈಗ ಒಳ್ಳೆಯ ಫಿಟರ್. ಅವನು ಹೊಸ ಪ್ಯಾಡಿನ ಮಾತೇ ಎತ್ತಲಿಲ್ಲ. ಮುಂದಿನ ಎರಡೂ ಗಾಲಿ ಬಿಚ್ಚಿ, ನಾಲ್ಕು ಪ್ಯಾಡ್ ತೆಗೆದು, ಯಾವುದು ಎಲ್ಲಿಯದು ಎಂದು ಸುಣ್ಣದ ಕಡ್ಡಿಯಿಂದ ಗುರುತು ಮಾಡಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟ. ಬಲಗಡೆಯ ಎರಡೂ ಚೆನ್ನಾಗಿದ್ದವು. ಎಡಗಡೆಯ ಹೊರಗಿನದು ಅರ್ಧ ಉಳಿದಿತ್ತು. ಎಡಗಡೆಯ ಒಳಗಿನದು ಕಬ್ಬಿಣದ ತಗಡಿನವರೆಗೆ ಸವೆದಿತ್ತು.

"ಗುರುಗಳ, ಪ್ಯಾಡ್ ಬದಲ ಮಾಡೂದು ಯಾರಿಗಾದ್ರೂ ಬರತೈತ್ರಿ. ಯಾವುದು ಸವದೈತಿ, ಯಾಕ ಸವದೈತಿ ಅಂತ ಮೊದ್ಲ ನೋಡಬೇಕ್ರಿ" ಎಂದ.

ಅವನು ತಿಳಿಸಿ ಹೇಳಿದ್ದು ಹೀಗೆ. ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಇಕ್ಕಳದಂತೆ ಹಿಡಿಯುವುದು ಕ್ಯಾಲಿಪರ್. ನಮ್ಮಂಥ ಗಾಡಿಗಳಲ್ಲಿ ಒತ್ತುವ ಪಿಸ್ಟನ್ ಒಳಬದಿಗೆ ಮಾತ್ರ ಇರುತ್ತದೆ. ಅದು ಒಳಗಿನ ಪ್ಯಾಡನ್ನು ಒತ್ತಿದಾಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ತರುತ್ತದೆ. ನಮ್ಮ ಗಾಡಿಯಲ್ಲಿ ಆ ಪಿನ್ನಿನ ರಬ್ಬರ್ ಹರಿದು, ಒಳಗೆ ಧೂಳು ನೀರು ಹೋಗಿ, ಪಿನ್ ತುಕ್ಕು ಹಿಡಿದು ಬಿಗಿಯಾಗಿತ್ತು. ಹಾಗಾಗಿ ಒಳಗಿನ ಪ್ಯಾಡ್ ಒಂದೇ ದುಡಿಯುತ್ತಿತ್ತು. ಕಾಲು ತೆಗೆದ ಮೇಲೂ ತಿಕ್ಕುತ್ತಲೇ ಇತ್ತು. ಆ ಕಾವಿಗೆ ಬ್ರೇಕ್ ಆಯಿಲ್ ಕುದಿದು ಪೆಡಲ್ ಮೆತ್ತಗಾಗಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ತೇವ ಸೇರಿದಷ್ಟು ಬೇಗ ಕುದಿಯುತ್ತದೆ. ನಾವು ಅದನ್ನು ಒಮ್ಮೆಯೂ ಬದಲಿಸಿರಲಿಲ್ಲ! ಹಿಂದಿನ ಡ್ರಮ್ ಬಿಚ್ಚಿದಾಗ ಅಲ್ಲಿಯ ಲೈನರ್ ಹೊಸದರಂತೆ ಇದ್ದವು. ಅಡ್ಜಸ್ಟ್ ಸಡಿಲವಾಗಿ ಅವು ಕೆಲಸವನ್ನೇ ಮಾಡುತ್ತಿರಲಿಲ್ಲ, ಭಾರವೆಲ್ಲ ಮುಂದಿನವುಗಳ ಮೇಲೆ ಬಿದ್ದಿತ್ತು.

ಇನ್ನು ನಮ್ಮ ಪಾಲು. ಓಡುವ ವಸ್ತುವಿನ ಶಕ್ತಿ ತೂಕದಷ್ಟು ಹೆಚ್ಚುತ್ತದೆ, ವೇಗದ ವರ್ಗದಷ್ಟು ಹೆಚ್ಚುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ, ಕಲಿಸಿದ್ದೇವೆ. 40ರ ವೇಗಕ್ಕಿಂತ 60ರ ವೇಗದಲ್ಲಿ ಗಾಡಿ ನಿಲ್ಲಿಸಲು ಬ್ರೇಕ್ ಎರಡೂಕಾಲು ಪಟ್ಟು ಶಕ್ತಿಯನ್ನು ಕಾವಾಗಿ ತಾನು ನುಂಗಬೇಕು. ಹನ್ನೊಂದು ಜನರನ್ನು ಕೂಡಿಸುವಾಗ ಈ ಲೆಕ್ಕ ನಮಗೆ ನೆನಪಾಗಲಿಲ್ಲ.

ಪಿನ್, ರಬ್ಬರ್, ಹೊಸ ಆಯಿಲ್, ಒಂದು ಜೊತೆ ಪ್ಯಾಡ್, ಹಿಂದಿನ ಅಡ್ಜಸ್ಟ್ - ಇಷ್ಟೇ ಕೆಲಸ. ಆಮೇಲೆ ಇಪ್ಪತ್ತು ಸಾವಿರ ಕಿ.ಮೀ. ದಾಟಿದ್ದೇವೆ. ಪ್ಯಾಡ್ ಇನ್ನೂ ಅರ್ಧಕ್ಕಿಂತ ಹೆಚ್ಚಿವೆ, ನಾಲ್ಕೂ ಸಮನಾಗಿವೆ.

ಗಾಡಿ ಇರುವವರಿಗೆ ನಾಲ್ಕು ಮಾತು:

1. ಪ್ಯಾಡ್ ಬದಲಿಸುವಾಗ ಹಳೆಯ ನಾಲ್ಕನ್ನೂ ಕೇಳಿ ತೆಗೆದುಕೊಳ್ಳಿ, ಹೋಲಿಸಿ ನೋಡಿ. ನಾಲ್ಕೂ ಸಮನಾಗಿ ಬೇಗ ಸವೆದಿದ್ದರೆ ಭಾರ, ವೇಗ, ನಡೆಸುವ ರೀತಿ, ಪ್ಯಾಡಿನ ಗುಣಮಟ್ಟ ಅಥವಾ ಹಿಂದಿನ ಬ್ರೇಕ್ ನೋಡಿ. ಒಂದೇ ಸವೆದಿದ್ದರೆ ಅಲ್ಲಿ ಏನೋ ಸಿಕ್ಕಿಕೊಂಡಿದೆ.

2. ಪ್ರವಾಸ ಮುಗಿದ ಮೇಲೆ ಗಾಲಿಗಳ ಹತ್ತಿರ ಕೈ ಒಯ್ದು ನೋಡಿ, ಮುಟ್ಟಬೇಡಿ. ಎಡಬಲದ ಕಾವು ಬಹಳ ಬೇರೆಯಿದ್ದರೆ ತಕ್ಷಣ ತೋರಿಸಿ.

3. ಪಿನ್ನಿಗೆ ಬ್ರೇಕಿನದೇ ಗ್ರೀಸ್ ಹಚ್ಚಿಸಿ. ಸಾದಾ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಬ್ರೇಕ್ ಆಯಿಲ್ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಿ.

4. ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯಬೇಡಿ, ಕೆಳಗಿನ ಗೇರಿನಲ್ಲಿ ಇಳಿಯಿರಿ. ಬ್ರೇಕಿನ ಧೂಳನ್ನು ಬಾಯಿಯಿಂದ ಊದಬೇಡಿ. ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಕೇಡು.

ಕೊನೆಗೆ ಒಂದು ಮಾತು. ಚಹಾ ಕುಡಿಯುತ್ತ ಕುಳಿತಾಗ ಆ ಹುಡುಗನಿಗೆ, "ಇಷ್ಟು ಶಾಣ್ಯಾ ಇದ್ದಿ, ಸಾಲಿಯೊಳಗ ಯಾಕ ಹಿಂದ ಬಿದ್ದಿದ್ದೆಪಾ?" ಎಂದು ಕೇಳಿದೆವು. ಅವನು ನಕ್ಕ. "ಬೋರ್ಡ ಕಾಣತಿರಲಿಲ್ರಿ ಗುರುಗಳ. ಸಾಲಿ ಬಿಟ್ಟ ಮ್ಯಾಲ ಚಸ್ಮಾ ಬಂತ್ರಿ" ಎಂದ. ಅವನ ಪ್ರಗತಿ ಪುಸ್ತಕದಲ್ಲಿ ವರ್ಷ ವರ್ಷ 'ಅಭ್ಯಾಸ ಸಾಲದು' ಎಂದು ಬರೆದವರು ನಾವೇ. ಅಲ್ಲಿಯೂ ನಾವು ಕಾರಣ ಕೇಳಿರಲಿಲ್ಲ.

ಈಗ ಜೂನ್ ತಿಂಗಳಲ್ಲಿ ಶಾಲೆ ಶುರುವಾದ ಮೊದಲ ವಾರ ಪ್ರತಿ ಮಗುವನ್ನೂ ಕೊನೆಯ ಸಾಲಿನಲ್ಲಿ ನಿಲ್ಲಿಸಿ ಬೋರ್ಡ್ ಓದಿಸುತ್ತೇವೆ. ಗಾಡಿಯಲ್ಲಿ ಚಾಲಕರನ್ನು ಹಿಡಿದು ಏಳೇ ಜನ. ಮಕ್ಕಳು ಹೆಚ್ಚಿದ್ದರೆ ಎರಡು ಸಲ ಹೋಗಿ ಬರುತ್ತೇವೆ. ಅರ್ಧ ತಾಸು ಮೊದಲು ಹೊರಟರೆ ಆಯಿತು.